ಎದೆನೋವಿನ ಪಾತ್ರಧಾರಿ

ಅಮೆರಿಕದ ಟೊಲೀಡೊ ಊರಿನ ವೆಂಡೆಲ್ ಕ್ರುಪಾ ಕೂತಲ್ಲಿ ಕೂರುವವನಲ್ಲ. ಡಿಗ್ರಿಯಲ್ಲಿ ರಸಾಯನಶಾಸ್ತ್ರ ಕೈಕೊಟ್ಟು ಮೆಡಿಕಲ್ ಕಾಲೇಜುಗಳೆಲ್ಲ ಬೇಡವೆಂದ ಮೇಲೆ, ಮುಂದಿನ ಅರ್ಜಿಗೆ ಬಲ ತುಂಬುವುದೇ ಅವನ ಬದುಕು. ಬೆಳಿಗ್ಗೆ ಆಂಬ್ಯುಲೆನ್ಸ್ ಕೆಲಸ, ಸಂಜೆ ಅದೇ ರಸಾಯನಶಾಸ್ತ್ರದ ಪಾಠ ಮತ್ತೊಮ್ಮೆ. ಪಕ್ಕದ ಮನೆಯಲ್ಲಿ ಯಾರಾದರೂ ಕೆಮ್ಮಿದರೂ ಸಾಕು, ಅನುಭವ ಸಿಕ್ಕಿತೆಂದು ಓಡುತ್ತಾನೆ. ಅಜ್ಜಿ ಬೇಯಿಸಿದ ಪಿಯೆರೋಗಿ ಕಡುಬನ್ನು ನಿಂತೇ ನುಂಗುತ್ತಾನೆ. "ಕೂತ್ಕೊಂಡು ತಿನ್ನೋ ಪುಣ್ಯಾತ್ಮ!" ಎಂದರೆ, "ಈ ಸಲ ಸೀಟು ಸಿಕ್ಕೇ ಸಿಗುತ್ತೆ ಅಜ್ಜಿ" ಎನ್ನುತ್ತಾನೆ. ಶನಿವಾರ, ತನ್ನನ್ನು ತಿರಸ್ಕರಿಸಿದ ಕಾಲೇಜಿನಲ್ಲೇ, ವಿದ್ಯಾರ್ಥಿಗಳ ಅಭ್ಯಾಸಕ್ಕೆಂದು ಎದೆನೋವಿನ ರೋಗಿಯ ಪಾತ್ರ ಮಾಡುತ್ತಾನೆ. ಅದೂ ಅರ್ಜಿಗೊಂದು ಸಾಲು. ಹೋದ ವಾರ ಬಿಳಿ ಕೋಟಿನ ಹುಡುಗಿಯೊಬ್ಬಳು ಅವನೆದೆಗೆ ಸ್ಟೆತಸ್ಕೋಪ್ ಇಟ್ಟು ಬೆರಗಾದಳು: "ಅಬ್ಬಾ, ಎಷ್ಟು ಜೋರಾಗಿ ಹೊಡ್ಕೊಳ್ತಿದೆ! ಇದನ್ನ ಹೇಗ್ರೀ ನಟಿಸ್ತೀರಾ?" ಅವಳ ಕೋಟಿನ ಮೇಲೆ ಹೊಲಿದ ಹೆಸರನ್ನೂ ಅದರಡಿಯ ಕಾಲೇಜಿನ ಮುದ್ರೆಯನ್ನೂ ನೋಡುತ್ತಿದ್ದ ವೆಂಡೆಲ್, "ಇದೊಂದು ಮಾತ್ರ ನಟನೆ ಅಲ್ಲ" ಎಂದ.