ಅತ್ತೆಮನೆ ಎಂಬ ನಾಲ್ಕನೆಯ ಹಂತ

ಆ ಊರಿನ ಮುದುಕ ಮುದುಕಿಯರಲ್ಲಿ ಅರ್ಧ ಜನ ನಗುವುದು ಹಲ್ಲಕ್ಕ ಮಾಡಿಕೊಟ್ಟ ಹಲ್ಲಿನಿಂದ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಕಡಿದಾದ ಮೆಟ್ಟಿಲು ಹತ್ತಿದರೆ ಸಿಗುವ ಎರಡು ಕೋಣೆಯ ಲ್ಯಾಬಿನಲ್ಲಿ ಅವಳು ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಗುಲಾಬಿ ಬಣ್ಣದ ಅಕ್ರಿಲಿಕ್ಕಿನಲ್ಲಿ ವಸಡು ಎರೆದು, ಇಡೀ ಬಾಯಿಯನ್ನೇ ಡಬ್ಬಿಯಲ್ಲಿಟ್ಟು ವಾಪಸ್ ಕಳಿಸುತ್ತಾಳೆ. ಇಪ್ಪತ್ತೇಳು ವರ್ಷದಿಂದ ಇದೇ ಕೆಲಸ, ಇದೇ ಸ್ಟೂಲು.

ಅವಳ ಮೇಜಿನ ಮೇಲೆ ಸದಾ ನೀಲಿ ಕಾಗದದ ತುಂಡುಗಳಿರುತ್ತವೆ. ಮೇಲಿನ ಸಾಲು, ಕೆಳಗಿನ ಸಾಲಿನ ನಡುವೆ ಅದನ್ನಿಟ್ಟು ಕಚ್ಚಿಸಿದರೆ ಯಾವ ಹಲ್ಲು ಕೂದಲೆಳೆಯಷ್ಟು ಎತ್ತರವಿದೆಯೋ ಅದರ ಮೇಲೆ ಗಾಢವಾದ ಚುಕ್ಕೆ ಬೀಳುತ್ತದೆ. ಆ ಚುಕ್ಕೆಯನ್ನಷ್ಟೇ ಉಜ್ಜಬೇಕು, ಪಕ್ಕದ್ದನ್ನು ಮುಟ್ಟಿದರೆ ಕೆಟ್ಟಿತು. ಮೂರು ಸಲ ಕಚ್ಚಿಸಿ ಮೂರು ಸಲವೂ ಎಲ್ಲ ಕಡೆ ಸಮನಾಗಿ ಬಿದ್ದರೆ ಮಾತ್ರ ಹಲ್ಲಿನ ಸೆಟ್ಟು ಅವಳ ಕೈ ಬಿಡುತ್ತದೆ. ಡಾಕ್ಟರು ಫೋನಿನಲ್ಲಿ ಅವಸರ ಮಾಡಿದರೆ, "ಕಾಯ್ಲಿ ಬಿಡಿ ಡಾಕ್ಟ್ರೇ. ಜೀವಮಾನವಿಡೀ ನನ್ನ ಬೈಕೊಂಡು ಊಟ ನುಂಗೋದಕ್ಕಿಂತ ಒಂದು ದಿನ ಕಾಯೋದು ವಾಸಿ" ಎಂದು ಫೋನ್ ಇಟ್ಟೇಬಿಡುತ್ತಾಳೆ.

ಇಂಥ ಹಲ್ಲಕ್ಕ ವೀಡಿಯೋ ಗೇಮ್ ಆಡುವವರ ಲೋಕದಲ್ಲಿ ದೊಡ್ಡ ರಾಕ್ಷಸಿ ಎಂದು ಹೆಸರಾಗಿದ್ದಾಳೆ ಎಂದರೆ ಡಾಕ್ಟರುಗಳು ನಂಬಲಿಕ್ಕಿಲ್ಲ. ಆದರೆ ಅದು ನಿಜ, ಮತ್ತು ಆ ಹೆಸರನ್ನು ಅವಳು ಬೆವರು ಸುರಿಸಿಯೇ ಸಂಪಾದಿಸಿದ್ದು.

ಹನ್ನೊಂದು ವರ್ಷದ ಹಿಂದೆ ಅವಳ ಗಂಡ, ಊರಿಗೆಲ್ಲ ಕಾರು ಓಡಿಸಲು ಕಲಿಸುವ ಮೇಷ್ಟ್ರು, ಒಂದು ಗೇಮ್ ತಂದು ಮನೆಯ ಕಂಪ್ಯೂಟರಿಗೆ ಹಾಕಿದ. ಮುಸುಕು ಹಾಕಿದ ಒಬ್ಬ ಮಹಾಶಕ್ತಿವಂತೆ ನಗರದ ಮಾಳಿಗೆಗಳ ಮೇಲೆ ಹಾರಾಡುತ್ತಾ ದುಷ್ಟರನ್ನು ಬಡಿಯುವ ಆಟ. ಗೆದ್ದಂತೆಲ್ಲ ಅವಳಿಗೆ ಹೊಸ ಶಕ್ತಿ ಬರುತ್ತದೆ. ಯಾವುದನ್ನು ಬೆಳೆಸಬೇಕೆಂದು ಆಡುವವರೇ ಆರಿಸಬೇಕು. ಬಂದ ಏಟನ್ನು ಅಂಗೈಯಲ್ಲಿ ಹಿಡಿದು ಹೊಡೆದವನಿಗೇ ವಾಪಸ್ ಕೊಡುವುದು ಅವಳ ದೊಡ್ಡ ವಿದ್ಯೆ. ಮೇಷ್ಟ್ರು ಮೊದಲನೆಯ ದುಷ್ಟನ ಕೈಲೇ ಹಣ್ಣುಗಾಯಿ ನೀರುಗಾಯಿಯಾಗಿ ಎದ್ದುಹೋದ. ಸೊಪ್ಪು ಬಿಡಿಸುತ್ತಾ ಕೂತಿದ್ದ ಹಲ್ಲಕ್ಕ ಕೈ ಒರೆಸಿಕೊಂಡು ಬಂದು ಕುಳಿತಳು. ಒಂಬತ್ತು ದಿನಕ್ಕೆ ಆಟ ಮುಗಿಸಿ, "ಇಷ್ಟೇನಾ?" ಅಂದಳು.

ಆಟದ ಒಡಲಲ್ಲಿರುವ ಕಡತಗಳನ್ನು ಬಿಚ್ಚಿ ಅಂಕಿಗಳನ್ನು ತಿದ್ದಿ, ಬೇಕಾದಂತೆ ಬದಲಾಯಿಸಿ ಹಂಚಿಕೊಳ್ಳುವವರು ಲೋಕದಲ್ಲಿದ್ದಾರೆ ಎಂದು ಗೊತ್ತಾದದ್ದು ಆಮೇಲೆ. ಹಲ್ಲಕ್ಕನೂ ಬಿಚ್ಚಿದಳು. ಯಾವ ದುಷ್ಟನ ಏಟು ಎಷ್ಟು ಜೋರು, ಎಷ್ಟು ಬೇಗ, ಹಿಡಿಯಲು ಎಷ್ಟು ಹೊತ್ತು ಸಿಗುತ್ತದೆ, ಎಲ್ಲವೂ ಸಾಲು ಸಾಲಾಗಿ ಕೂತಿತ್ತು. ಥೇಟ್ ಹಲ್ಲಿನ ಸಾಲು! ಆಟದಲ್ಲಿ ಸುಲಭ, ಸಾಧಾರಣ, ಕಠಿಣ ಎಂದು ಮೂರು ಹಂತಗಳಿದ್ದವು. ಒಂದೂವರೆ ವರ್ಷ ದಿನಾ ಬೆಳಗ್ಗೆ ಆರರಿಂದ ಏಳೂವರೆಯವರೆಗೆ ಕೂತು ಅವಳು ನಾಲ್ಕನೆಯದನ್ನು ಮಾಡಿದಳು. ಅದಕ್ಕೆ 'ಅತ್ತೆಮನೆ' ಎಂದು ಹೆಸರಿಟ್ಟಳು.

ಹೆಸರು ಕೇಳಿ ಅವಳ ಸ್ವಂತ ಅತ್ತೆ, ಎಂಬತ್ತೊಂದರ ಮುದುಕಿ, ಮೂಗಿನ ಮೇಲೆ ಬೆರಳಿಟ್ಟುಕೊಂಡಳು. "ಲೇ, ನಾನು ನಿಂಗೇನೇ ಮಾಡಿದ್ದೆ? ಊರೂರಲ್ಲೆಲ್ಲ ನನ್ನ ಹೆಸರಿಗೆ ಮಸಿ ಬಳೀತಿದ್ದೀಯಲ್ಲ!"

"ನೀವು ಪಾಪ ಸಾಧಾರಣ ಹಂತ ಅತ್ತೆ, ಹೆದರ್ಕೋಬೇಡಿ."

ಸೋತು ಸುಣ್ಣವಾದ ಆಟಗಾರರು ಅವಳನ್ನೇ 'ಅತ್ತೆ' ಎಂದು ಕರೆಯತೊಡಗಿದರು. ಬೈಯುತ್ತಲೇ ಮತ್ತೆ ಮತ್ತೆ ಬಂದರು. ಯಾಕೆಂದರೆ ಅವಳ ಕಷ್ಟದಲ್ಲಿ ಮೋಸ ಇರಲಿಲ್ಲ. ಬೇರೆಯವರು ಕಠಿಣ ಮಾಡುವುದೆಂದರೆ ದುಷ್ಟನಿಗೆ ಹತ್ತು ಪಟ್ಟು ಆಯಸ್ಸು ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಹಲ್ಲಕ್ಕನ ಆಟದಲ್ಲಿ ಪ್ರತಿ ಏಟೂ ಬರುವ ಮುಂಚೆ ಕಾಣುತ್ತದೆ, ಪ್ರತಿ ಏಟಿಗೂ ಉತ್ತರವಿದೆ, ನೀವು ಒಂದೇ ಒಂದು ಸಲ ರೆಪ್ಪೆ ಮಿಟುಕಿಸಿದರೆ ಮಾತ್ರ ಮಣ್ಣು ಮುಕ್ಕುತ್ತೀರಿ. ಕಡೆಯ ದುಷ್ಟ 'ಸಿಡಿಲುಗೈ ದೊರೆ' ಏಳು ಏಟು ಹೊಡೆಯುತ್ತಾನೆ. ಏಳನೆಯದಕ್ಕೆ ಮುಂಚೆ ಒಂದು ಉಸಿರಿನಷ್ಟು ತಡೆಯುತ್ತಾನೆ. ಅದನ್ನು ಹಿಡಿಯಲು ಮೊದಲನೆಯ ಆವೃತ್ತಿಯಲ್ಲಿ ಸಿಗುತ್ತಿದ್ದುದು ಒಂದು ಸೆಕೆಂಡನ್ನು ಅರವತ್ತು ಪಾಲು ಮಾಡಿದರೆ ಅದರಲ್ಲಿ ಒಂಬತ್ತು ಪಾಲು. ತಾನು ಮೂರು ಸಲ ಗೆಲ್ಲದ ಯಾವುದನ್ನೂ ಅವಳು ಹೊರಗೆ ಬಿಡುತ್ತಿರಲಿಲ್ಲ. ಅಂಕಿ ಬದಲಾದಾಗೆಲ್ಲ ಮತ್ತೆ ಮೊದಲಿನಿಂದ ಮೂರು ಸಲ. ಇದನ್ನು ಪ್ರತಿ ಆವೃತ್ತಿಯ ಟಿಪ್ಪಣಿಯ ಕೊನೆಗೆ ಬರೆಯುತ್ತಿದ್ದಳು: 'ಮೂರು ಸಲ ಗೆದ್ದಿದ್ದೇನೆ. ನಿಮಗೂ ಆಗುತ್ತದೆ.' ನೂರಾರು ಜನ ಹಲ್ಲುಕಚ್ಚಿ ಆಡಿದ್ದು ಆ ಎರಡು ವಾಕ್ಯವನ್ನು ನಂಬಿ.

ನಾಲ್ಕನೆಯ ಆವೃತ್ತಿಗೆ ಕೂತಾಗ ಅವಳಿಗೆ ಐವತ್ತನಾಲ್ಕು. ಎಲ್ಲ ಮುಗಿದಿತ್ತು, ದೊರೆಯೊಬ್ಬ ಬಾಕಿ. ಮೂರು ವಾರ ಬೆಳಗ್ಗೆ ಬೆಳಗ್ಗೆ ಕೂತರೂ ಅವನನ್ನು ಒಂದು ಸಲವೂ ಗೆಲ್ಲಲಾಗಲಿಲ್ಲ. ಆರು ಏಟು ಹಿಡಿಯುವಳು, ಏಳನೆಯದು ನೆತ್ತಿಗೆ. ಬಲಗೈ ಹೆಬ್ಬೆರಳ ಬುಡ ಕೆಲವು ವರ್ಷದಿಂದ ನೋಯುತ್ತಿತ್ತು. ಹಲ್ಲು ಉಜ್ಜುವ ಯಂತ್ರ ಹಿಡಿದೂ ಹಿಡಿದೂ ಕೀಲು ಸವೆದಿದೆ ಎಂದು ಡಾಕ್ಟರು ಹೇಳಿದ್ದರು. ಅವಳು ಅದಕ್ಕೆ ಮುಲಾಮು ಹಚ್ಚಿ ಸುಮ್ಮನಾಗಿದ್ದಳು. ಏಟು ಸ್ವಲ್ಪ ಚೂಪಾಯಿತೇನೋ, ಹಿಡಿಯುವ ಹೊತ್ತನ್ನು ಇನ್ನಷ್ಟು ಸಡಿಲಿಸಿ ಹದಿನೇಳು ಪಾಲು ಮಾಡೋಣ ಅಂದುಕೊಂಡಳು.

ಆಗ ಆಟಗಾರರ ಚರ್ಚೆಯ ಪುಟದಲ್ಲಿ ಒಂದು ಮಾತು ಕಣ್ಣಿಗೆ ಬಿತ್ತು. ಬರೆದವನು 'ಕಬ್ಬಿಣದಕಡಲೆ' ಎಂಬ ಹೆಸರಿನವನು. ಮೊದಲನೆಯ ಆವೃತ್ತಿಯಿಂದ ಆಡುತ್ತಿದ್ದ ಹಳೆಯ ಹುಲಿ, ನಾಲಿಗೆ ಮಾತ್ರ ಬಲು ಹರಿತ. 'ಮೂರನೆಯ ಆವೃತ್ತಿಯ ದೊರೆಯನ್ನು ನಿನ್ನೆ ಚಹಾ ಕುಡಿಯುತ್ತಾ ಸೋಲಿಸಿದೆ. ಅತ್ತೆ ಈಗ ಅಜ್ಜಿಯಾಗಿದ್ದಾಳೆ. ಇನ್ನು ಮಡಿಲಲ್ಲಿ ಕೂರಿಸಿಕೊಂಡು ತುತ್ತು ತಿನ್ನಿಸುವುದೊಂದು ಬಾಕಿ.'

ಹಲ್ಲಕ್ಕನಿಗೆ ಮೈಯೆಲ್ಲ ಉರಿಯಿತು. ಇವನಿಗೆ ಸರಿಯಾಗಿ ಮಾಡುತ್ತೇನೆ ಎಂದು ಹಳೆಯ ನೋಟ್‌ಬುಕ್ಕುಗಳನ್ನು ಕಪಾಟಿನಿಂದ ಎಳೆದು ತೆರೆದಳು. ಮೊದಲನೆಯ ಆವೃತ್ತಿ, ಏಳನೆಯ ಏಟಿಗೆ ಒಂಬತ್ತು ಪಾಲು. ಎರಡನೆಯದರಲ್ಲಿ ಹನ್ನೊಂದು. ಮೂರನೆಯದರಲ್ಲಿ ಹದಿನಾಲ್ಕು. ಸಡಿಲಿಸಿದ ಪ್ರತಿ ಸಲವೂ ಪಕ್ಕದಲ್ಲಿ ಅವಳದೇ ಅಕ್ಷರ: 'ಚುಕ್ಕೆ ಬಿತ್ತು, ಉಜ್ಜಿದೆ.' ಹುಡುಗ ಸುಳ್ಳು ಹೇಳಿರಲಿಲ್ಲ.

ಇನ್ನು ಏನು ಮಾಡುವುದು? ಒಂಬತ್ತಕ್ಕೆ ಇಳಿಸಿದರೆ ತನಗೆ ಗೆಲ್ಲಲಾಗದು, ಗೆಲ್ಲದೆ ಬಿಟ್ಟರೆ ಟಿಪ್ಪಣಿಯ ಮಾತು ಸುಳ್ಳಾಗುತ್ತದೆ. ಹದಿನೇಳು ಮಾಡಿದರೆ ಅತ್ತೆಮನೆ ತವರುಮನೆಯಾಗುತ್ತದೆ. ಬಿಟ್ಟೇಬಿಡುವುದೆಂದರೆ ಹನ್ನೊಂದು ವರ್ಷದ ಕೆಲಸ ದೊರೆಯ ಕಾಲಬುಡದಲ್ಲಿ ನಿಂತುಹೋಗುತ್ತದೆ.

"ಗೆದ್ದೆ ಅಂತ ಬರ್ದುಬಿಡೇ," ಅಂದ ಮೇಷ್ಟ್ರು, ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ. "ನಿನ್ನ ಮನೆಗೆ ಬಂದು ನೋಡೋರು ಯಾರಿದ್ದಾರೆ?"

"ಬ್ರೇಕ್ ಹಾಕೋಕೆ ಬರ್ದೇ ಇರೋನಿಗೆ ಪಾಸು ಅಂತ ಬರ್ಕೊಡ್ತೀರಾ ನೀವು?"

ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ಪಾಠಕ್ಕೆ ಹೊರಟುಹೋದ. ಆ ವಾರ ಹಲ್ಲಕ್ಕ ಕಂಪ್ಯೂಟರಿಗೆ ಬಟ್ಟೆ ಹೊದಿಸಿಟ್ಟಳು.

ಭಾನುವಾರ ಅತ್ತೆ ತಟ್ಟೆ ದೂಡಿ ಮುಖ ಕಿವುಚಿದಳು. ಸೊಸೆಯೇ ಮಾಡಿಕೊಟ್ಟ ಆರು ವರ್ಷದ ಸೆಟ್ಟು ಅವಳ ಬಾಯಲ್ಲಿತ್ತು. "ಈ ಹಲ್ಲು ಉದ್ದ ಆಗಿದೆ ಕಣೇ. ಅಗಿದ್ರೆ ಬಲಗಡೆ ಚುಚ್ಚತ್ತೆ. ಸ್ವಲ್ಪ ಉಜ್ಜಿಕೊಡು."

ಹಲ್ಲಕ್ಕ ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಸೆಟ್ಟು ತೆಗೆದು, ಬಾಯೊಳಗೆ ಬೆರಳಾಡಿಸಿ ನೋಡಿದಳು. "ಹಲ್ಲು ಉದ್ದ ಆಗಲ್ಲ ಅತ್ತೆ. ಹಲ್ಲು ಇದ್ದ ಹಾಗೇ ಇದೆ. ವಯಸ್ಸಾಯ್ತಲ್ಲ, ನಿಮ್ಮ ವಸಡು ಸವೆದು ಇಳಿದಿದೆ, ಅದಕ್ಕೆ ಸೆಟ್ಟು ಅಲ್ಲಾಡಿ ಚುಚ್ಚತ್ತೆ. ಹಲ್ಲು ಉಜ್ಜಿದ್ರೆ ಒಳ್ಳೇ ಹಲ್ಲೂ ಹಾಳು. ವಸಡು ಎಷ್ಟು ಇಳಿದಿದ್ಯೋ ಅಷ್ಟು ಅಡಿಗೆ ಅಕ್ರಿಲಿಕ್ ತುಂಬ್ಸಬೇಕು..."

ಒದ್ದೆ ಸೆಟ್ಟನ್ನು ಅಂಗೈಯಲ್ಲಿ ಹಿಡಿದು ಅವಳು ಗೋಡೆ ನೋಡುತ್ತಾ ಕೂತಳು. ದಿನಾ ಡಾಕ್ಟರುಗಳಿಗೆ ಪಾಠ ಹೇಳುವ ತಾನು ಎರಡು ಆವೃತ್ತಿಯಲ್ಲೂ ಮಾಡಿದ್ದು ಇದೇ ತಪ್ಪನ್ನು. ಸವೆದದ್ದು ತನ್ನ ಬೆರಳು, ಉಜ್ಜಿದ್ದು ದೊರೆಯ ಹಲ್ಲನ್ನು!

"ಯಾಕೇ, ಏನಾಯ್ತೇ?" ಅಂದಳು ಅತ್ತೆ ಬೊಚ್ಚುಬಾಯಲ್ಲಿ.

"ನಂಗೂ ಅಡಿ ತುಂಬ್ಸಬೇಕು ಅತ್ತೆ," ಅಂದಳು ಹಲ್ಲಕ್ಕ, ಮತ್ತು ಬಹಳ ದಿನದ ಮೇಲೆ ನಕ್ಕಳು.

ಅಲ್ಲಿಯವರೆಗೆ ಹೆಬ್ಬೆರಳು ಮಾಡುತ್ತಿದ್ದ, ಏಟು ಹಿಡಿಯುವ ಗುಂಡಿಯ ಕೆಲಸವನ್ನು ಮೊದಲು ತೋರುಬೆರಳಿಗೆ ಕೊಟ್ಟು ನೋಡಿದಳು. ಆ ಬೆರಳಿಗೆ ಗುದ್ದುವ ಕೆಲಸ ಮೊದಲೇ ಇತ್ತು, ಎರಡೂ ಸೇರಿ ಗೋಜಲಾಯಿತು. ಬಿಟ್ಟಿ ಕೂತಿದ್ದುದು ಉಂಗುರ ಬೆರಳೊಂದೇ. ಎರಡು ಕೈಯಲ್ಲಿ ಹಿಡಿದು ಗುಂಡಿ ಒತ್ತುವ ಆಟದ ಕಂಟ್ರೋಲರಿನ ಅಡಿಯಲ್ಲಿ ಸುಮ್ಮನೆ ಮಡಚಿಕೊಂಡು ಹನ್ನೊಂದು ವರ್ಷ ತಮಾಷೆ ನೋಡಿತ್ತು. ಲ್ಯಾಬಿನಲ್ಲಿ ಬಾಯಿಯ ಅಚ್ಚು ತೆಗೆಯುವ ಹಿಟ್ಟು ಕಲಸಿ, ತನ್ನದೇ ಬಲಗೈಯನ್ನು ಕಂಟ್ರೋಲರ್ ಹಿಡಿದ ಭಂಗಿಯಲ್ಲಿ ಅದರಲ್ಲಿ ಅದ್ದಿ ಅಚ್ಚು ತೆಗೆದಳು. ಮೇಣದಲ್ಲಿ ತಿದ್ದಿ, ಗುಲಾಬಿ ಅಕ್ರಿಲಿಕ್ ಎರೆದು ಒಂದು ಪುಟ್ಟ ಸನ್ನೆಕೋಲು ಮಾಡಿದಳು. ಅಡಿಯಲ್ಲಿ ಉಂಗುರ ಬೆರಳು ಎಳೆದರೆ ಮೇಲಿನ ತುದಿ ಬಾಗಿ ಗುಂಡಿ ಒತ್ತಬೇಕು. ಎಲ್ಲಿ ತಡವುತ್ತದೆ ಎಂದು ನೀಲಿ ಕಾಗದ ಇಟ್ಟು ನೋಡಿದಳು, ಚುಕ್ಕೆ ಬಿದ್ದಲ್ಲಿ ಉಜ್ಜಿದಳು. ನಾಲ್ಕು ಕೆಟ್ಟ ಮೇಲೆ ಐದನೆಯದು ಸರಿಯಾಗಿ ಕೂತಿತು. ನೋಡಲು ಕಂಟ್ರೋಲರಿಗೆ ವಸಡು ಬಂದ ಹಾಗಿತ್ತು. ಅದೇ ವಾರ ಅತ್ತೆಯ ಸೆಟ್ಟಿಗೂ ಅಡಿ ತುಂಬಿಸಿಕೊಟ್ಟಳು.

ಆಮೇಲೆ ಹದಿನಾಲ್ಕನ್ನು ಅಳಿಸಿ ಒಂಬತ್ತು ಬರೆದಳು.

ಎರಡು ತಿಂಗಳು ಉಂಗುರ ಬೆರಳಿಗೆ ಅಕ್ಷರಾಭ್ಯಾಸ. ದಡ್ಡ ಬೆರಳು, ಹೇಳಿದ್ದು ಕೇಳುತ್ತಿರಲಿಲ್ಲ. ಬೆಳಗ್ಗೆ ಅತ್ತೆ ಚಹಾ ಲೋಟ ಹಿಡಿದು ಪಕ್ಕದಲ್ಲಿ ಕೂತು, "ಮತ್ತೆ ಸತ್ತೆಯೇನೇ?" ಎಂದು ವಿಚಾರಿಸುವಳು. "ಸತ್ತೆ ಅತ್ತೆ." "ಹಾಗಾದ್ರೆ ಏಳು, ಇನ್ನೊಂದ್ಸಲ ಆಡು." ಒಂದು ದಿನ ಏಳನೆಯ ಏಟು ಅಂಗೈಗೆ ಬಂದು ಕೂತಿತು. ಹತ್ತು ದಿನದ ಮೇಲೆ ದೊರೆ ಮೊದಲನೆಯ ಸಲ ಬಿದ್ದ. ಮರುವಾರ ಎರಡನೆಯ ಸಲ.

ಮೂರನೆಯ ಸಲ ಗೆಲ್ಲುವ ದಿನ ಮೇಷ್ಟ್ರೂ ಮೊದಲನೆಯ ಪಾಠ ಬಿಟ್ಟು ಹಿಂದೆ ನಿಂತಿದ್ದ. ನಾಯಕಿಗೆ ಉಳಿದದ್ದು ಒಂದೇ ಏಟು ತಡೆಯುವಷ್ಟು ಜೀವ. ಐದು, ಆರು. ದೊರೆ ಕೈಯೆತ್ತಿ ನಿಂತ. ಅತ್ತೆಯ ಲೋಟ ಬಾಯ ಹತ್ತಿರವೇ ನಿಂತಿತು. ಹಲ್ಲಕ್ಕ ಹೆಬ್ಬೆರಳನ್ನು ಬೇಕೆಂದೇ ಮೇಲಕ್ಕೆತ್ತಿ ಹಿಡಿದು ಉಂಗುರ ಬೆರಳಿನಿಂದ ಸನ್ನೆಕೋಲು ಎಳೆದಳು. ಸಿಡಿಲು ಹೊಡೆದವನಿಗೇ ವಾಪಸ್ ಹೋಯಿತು. ದೊರೆ ಬುಡ ಕಡಿದ ಮರದಂತೆ ಉರುಳಿದ.

"ಅಯ್ಯೋ ಪಾಪ," ಅಂದಳು ಅತ್ತೆ. ಮೇಷ್ಟ್ರು ಹೆಂಡತಿಯ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳ ಬುಡವನ್ನು ಮೆಲ್ಲಗೆ ಒತ್ತತೊಡಗಿದ.

ಅಂದೇ ನಾಲ್ಕನೆಯ ಆವೃತ್ತಿ ಹೊರಬಂತು. ಟಿಪ್ಪಣಿಯಲ್ಲಿ ಹಲ್ಲಕ್ಕ ಏನನ್ನೂ ಮುಚ್ಚಿಡಲಿಲ್ಲ. 'ದೊರೆಯ ಏಳನೆಯ ಏಟಿಗೆ ಮತ್ತೆ ಒಂಬತ್ತು ಪಾಲು. ಹಿಂದಿನ ಎರಡು ಆವೃತ್ತಿಯಲ್ಲಿ ಅದನ್ನು ಸಡಿಲಿಸಿದ್ದು ನನ್ನ ತಪ್ಪು. ನೋವಿದ್ದದ್ದು ನನ್ನ ಬೆರಳಿಗೆ, ಉಜ್ಜಿದ್ದು ಅವನನ್ನು. ತೋರಿಸಿಕೊಟ್ಟ ಕಬ್ಬಿಣದಕಡಲೆಗೆ ವಂದನೆ. ಮೂರು ಸಲ ಗೆದ್ದಿದ್ದೇನೆ. ಬಲಗೈ ಹೆಬ್ಬೆರಳು ಬಳಸಿಲ್ಲ. ನಿಮಗೂ ಆಗುತ್ತದೆ.'

ಚರ್ಚೆಯ ಪುಟದಲ್ಲಿ ಗದ್ದಲವೋ ಗದ್ದಲ. ಕಬ್ಬಿಣದಕಡಲೆ ಮಾತ್ರ ಹತ್ತೊಂಬತ್ತು ದಿನ ತುಟಿ ಬಿಚ್ಚಲಿಲ್ಲ. ಇಪ್ಪತ್ತನೆಯ ದಿನ ಬೆಳಗ್ಗೆ ಅವನ ಎರಡು ಸಾಲು ಬಂದವು. ಹಲ್ಲಕ್ಕ ಅವನ್ನು ಅತ್ತೆಗೆ ಕೇಳುವಂತೆ ಗಟ್ಟಿಯಾಗಿ ಓದಿದಳು:

'ಎರಡು ಕೈಯೂ ಸಾಲುತ್ತಿಲ್ಲ ಅತ್ತೆ, ಇನ್ನೂ ಗೆದ್ದಿಲ್ಲ. ಚಹಾ ದಿನಾ ಆರಿಹೋಗುತ್ತಿದೆ.'