ಷಡ್ಡಕರ ದೋಣಿಗೆ ಹೊಸ ಬ್ರಾಕೆಟ್ಟು

ಕತ್ತರಿಯಣ್ಣನ ಅಂಗಡಿಯಲ್ಲಿ ಇದ್ದದ್ದು ಒಂದು ಕುರ್ಚಿ, ಒಂದು ಕನ್ನಡಿ, ಗೋಡೆಗೆ ಒತ್ತಿಕೊಂಡ ಒಂದು ಬೆಂಚು. ಬೆಂಚಿನಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಜನ ಕೂದಲು ಕತ್ತರಿಸಿಕೊಳ್ಳಲು ಬಂದವರಲ್ಲ, ಅವನ ಮಾತು ಕೇಳಲು ಬಂದವರು. ಊರಿನ ಯಾವ ಸುದ್ದಿ ಎತ್ತಿದರೂ ಅವನಲ್ಲಿ ಅದರ ಬಾಲ ಸಿಗುತ್ತಿತ್ತು. ಅಂಥವನು ತನ್ನ ಬಲಭುಜದ ನೋವಿನ ವಿಷಯ ಮಾತ್ರ ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಬೆಳಗಿನಿಂದ ಸಂಜೆಯವರೆಗೆ ಕೈ ಎತ್ತಿಕೊಂಡೇ ದುಡಿದ ಭುಜ ಅದು. ಮೊದಮೊದಲು ಕೆಲಸ ಮುಗಿದ ಮೇಲೆ ನೋಯುತ್ತಿತ್ತು. ಬರಬರುತ್ತ ಮೇಲಿನ ಗೂಡಿನಿಂದ ಟವೆಲು ತೆಗೆಯುವುದೂ ಕಷ್ಟವಾಯಿತು. ಟವೆಲುಗಳನ್ನು ಕೆಳಗಿನ ಗೂಡಿಗೆ ಇಳಿಸಿದ, ಕುರ್ಚಿಯನ್ನು ಇನ್ನಷ್ಟು ತಗ್ಗಿಸಿದ, ಸುಮ್ಮನಾದ. ಕೈ ಸೋತಿದೆ ಎಂದು ಗೊತ್ತಾದರೆ ಅವನ ಕ್ಷೌರದ ಕತ್ತಿಗೆ ಯಾರು ತಾನೇ ಕುತ್ತಿಗೆ ಒಡ್ಡುತ್ತಾರೆ?

ಅವನಿಗೊಂದು ಹಾಯಿದೋಣಿಯಿತ್ತು. ಅರ್ಧ ಅವನದು, ಅರ್ಧ ಅವನ ಷಡ್ಡಕನದು. ಮಂಡಿ ಸೋತು ದೋಣಿ ಹತ್ತಲಾಗದೆ ಹೋದಾಗ ಮಾವ ಆ ಹಳೆಯ ಪುಟ್ಟ ದೋಣಿಯನ್ನು ಇಬ್ಬರು ಅಳಿಯಂದಿರಿಗೂ ಸೇರಿಸಿ ಕೊಟ್ಟಿದ್ದರು. “ಜಗಳ ಆಡಬೇಡಿ” ಎಂದೂ ಹೇಳಿದ್ದರು. “ಜಗಳ ಆಡಲಿ ಅಂತಾನೇ ಕೊಟ್ಟಿರೋದು” ಎಂದು ಅತ್ತೆ ನಕ್ಕಿದ್ದರು.

ಷಡ್ಡಕನದು ಕನ್ನಡಕದ ಅಂಗಡಿ. ದಪ್ಪ ಆಳು, ನಿಧಾನಸ್ಥ, ಅಳತೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಸಹಿಸದವನು. ತನ್ನ ಹೆಂಡತಿ ಕರೆದಂತೆ ತಾನೂ ಕತ್ತರಿಯಣ್ಣನನ್ನು “ಭಾವ” ಎನ್ನುತ್ತಿದ್ದ. ‘ನೀವು’ ಬಿಟ್ಟು ಮಾತಾಡಿದವನೇ ಅಲ್ಲ. ಇಬ್ಬರೂ ಅಂಗಡಿ ಮುಚ್ಚುವ ವಾರದ ರಜೆಯ ದಿನ ದೋಣಿ ಹತ್ತಿದರೆ ಕತ್ತರಿಯಣ್ಣ ಮಾತಾಡುವುದು, ಅವನು ಹೂಂಗುಟ್ಟುವುದು. ಹೀಗೆ ವರ್ಷಗಳು ಕಳೆದಿದ್ದವು.

ಗಾಳಿ ನಿಂತುಹೋದಾಗ ದಡ ಸೇರಲೆಂದು ದೋಣಿಯ ಹಿಂಬದಿಯಲ್ಲಿ ಸಣ್ಣದೊಂದು ಮೋಟಾರು ಇತ್ತು. ಅದು ಕೂತಿದ್ದ ಬ್ರಾಕೆಟ್ಟು ಮಾವನ ಕಾಲದ್ದು. ಹಾಯಿ ಬಿಚ್ಚಿದಾಗ ಮೋಟಾರನ್ನು ನೀರಿನಿಂದ ಮೇಲೆತ್ತಬೇಕು, ಬೇಕಾದಾಗ ಇಳಿಸಬೇಕು. ಎತ್ತಿಕೊಡುವ ಸ್ಪ್ರಿಂಗು ಎಂದೋ ತುಕ್ಕು ಹಿಡಿದು ಸತ್ತಿತ್ತು. ಆಮೇಲೆ ಎಲ್ಲ ತೋಳ್ಬಲದ ಮೇಲೆಯೇ.

ಆ ಸಲ ಕಲ್ಲಿನ ಕಟ್ಟೆ ಹತ್ತಿರವಾಗುತ್ತಿದ್ದಂತೆ ಗಾಳಿ ತಟ್ಟನೆ ನಿಂತಿತು. ನೀರಿನ ಸೆಳೆತ ದೋಣಿಯನ್ನು ಕಟ್ಟೆಯತ್ತ ತಳ್ಳುತ್ತಿತ್ತು. ಕತ್ತರಿಯಣ್ಣ ಮೋಟಾರು ಇಳಿಸಲು ಹೋದ. ಅರ್ಧಕ್ಕೆ ಬಂದಾಗ ಭುಜ ಕೈಕೊಟ್ಟಿತು. ಮೋಟಾರು ಧೊಪ್ಪನೆ ಬಿದ್ದ ರಭಸಕ್ಕೆ ಬ್ರಾಕೆಟ್ಟಿನ ಹಲಗೆ ಸೀಳಿ, ಮೋಟಾರು ಅದನ್ನು ದೋಣಿಗೆ ಕಟ್ಟಿದ್ದ ಸರಪಳಿಯಿಂದ ತಲೆಕೆಳಗಾಗಿ ನೇತಾಡಿತು. ದೋಣಿ ಕಟ್ಟೆಗೆ ಉಜ್ಜಿಕೊಂಡು ಕಿರುಗುಟ್ಟಿತು.

“ನಿನ್ನ ಕೈಲಿ ಏನಾಗುತ್ತೆ?” ಎಂದು ಷಡ್ಡಕ ಕಿರುಚಿದ. “ಕತ್ತರಿ ಆಡಿಸೋದು ಬಿಟ್ಟು ಬೇರೇನಾದ್ರೂ ಬರುತ್ತಾ ನಿನಗೆ?”

ಕಟ್ಟೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ದೋಣಿಗೆ ಗೀರು ಬಿದ್ದದ್ದು ಕತ್ತರಿಯಣ್ಣನಿಗೆ ನೋಯಲಿಲ್ಲ. ಬೈಗುಳವೂ ಅಷ್ಟಾಗಿ ನೋಯಲಿಲ್ಲ. ಆ ‘ನಿನ್ನ’ ಮಾತ್ರ ಮುಳ್ಳಿನಂತೆ ಒಳಗೇ ಉಳಿಯಿತು.

ಚಳಿ ಶುರುವಾಗುತ್ತಿದ್ದಂತೆ ದೋಣಿಯನ್ನು ದಡಕ್ಕೆಳೆದು, ಎತ್ತರದ ಮರದ ಕಾಲುಗಳ ಮೇಲೆ ಕೂರಿಸಿ ಹೊದಿಕೆ ಹಾಕಿದರು. ಚಳಿಗಾಲವಿಡೀ ಇಬ್ಬರಿಗೂ ಮಾತಿಲ್ಲ. ಷಡ್ಡಕ ಕೂದಲಿಗೆ ಇವನ ಅಂಗಡಿಗೆ ಬರಲಿಲ್ಲ; ಬೇರೆಯವರ ಅಂಗಡಿಗೂ ಹೋಗಲಿಲ್ಲ. ಕೂದಲು ಕಾಲರಿನ ಮೇಲೆ ಹರಡಿತು. ಅಕ್ಕತಂಗಿಯರು ಮಾತ್ರ ಎಂದಿನಂತೆ ಒಬ್ಬರ ಮನೆಗೊಬ್ಬರು ಹೋಗಿಬಂದು ಮಾಡಿದರು. “ಇವರ ಮೂತಿ ನೆಟ್ಟಗಾಗೋ ತನಕ ನಾವ್ಯಾಕೆ ಮುಖ ತಿರುಗಿಸ್ಕೊಂಡು ಕೂರ್ಬೇಕು?” ಎನ್ನುತ್ತಿದ್ದಳು ತಂಗಿ.

ಬಿಸಿಲು ಬಲಿತ ಮೇಲೆ ಕತ್ತರಿಯಣ್ಣ ಗಟ್ಟಿ ಸ್ಪ್ರಿಂಗುಗಳಿದ್ದ ಹೊಸ ಬ್ರಾಕೆಟ್ಟೊಂದನ್ನು ತಂದ. ತಾನೊಬ್ಬನೇ ಹಾಕಿ ತೋರಿಸುವ ಹಟ. ಆದರೆ ಹಳೆಯ ಬ್ರಾಕೆಟ್ಟಿನ ಬೋಲ್ಟುಗಳ ತಲೆ ದೋಣಿಯ ಹೊರಗಡೆ, ನಟ್ಟುಗಳು ಒಳಗಡೆ. ಒಳಗೆಂದರೆ ಕೂರುವ ಹಲಗೆಯ ಕೆಳಗಿನ ಕತ್ತಲೆ ಗೂಡು, ಹಾವಿನಂತೆ ತೆವಳಬೇಕು. ಒಳಗೆ ನಟ್ಟು ತಿರುಗಿಸಿದರೆ ಹೊರಗೆ ಬೋಲ್ಟೂ ಜೊತೆಗೇ ತಿರುಗುತ್ತಿತ್ತು. ಹೊರಗೆ ಇಕ್ಕಳ ಕಚ್ಚಿಸಿ ಬಂದರೆ ಅದು ಜಾರಿ ನೆಲಕ್ಕೆ ಬೀಳುತ್ತಿತ್ತು. ಏಣಿ ಇಳಿಯುವುದು, ಇಕ್ಕಳ ಕಚ್ಚಿಸುವುದು, ಏಣಿ ಹತ್ತುವುದು, ತೆವಳುವುದು. ಮಧ್ಯಾಹ್ನದವರೆಗೂ ಒಂದು ನಟ್ಟೂ ಜಗ್ಗಲಿಲ್ಲ.

ಊಟದ ಡಬ್ಬಿ ತಂದ ಹೆಂಡತಿ ಏಣಿಯ ಬುಡದಲ್ಲಿ ನಿಂತು ನೋಡಿದಳು.

“ಇದು ಒಬ್ಬರ ಕೆಲಸ ಅಲ್ಲ ಕಣ್ರೀ.”

“ಹಾಗಾದ್ರೆ ನೀನು ಹೊರಗೆ ಹಿಡ್ಕೋ.”

“ಹಿಡೀತೀನಿ. ಆದ್ರೆ ದೋಣೀಲಿ ಅರ್ಧ ಅವರದ್ದು. ಕೇಳದೆ ತೂತು ಕೊರೆದ್ರೆ ಇನ್ನೊಂದು ರಾಮಾಯಣ. ದಿನವೆಲ್ಲ ಊರವರ ಜೊತೆ ಹರಟ್ತೀರಿ, ಅವರ ಹತ್ರ ಎರಡು ಮಾತಾಡೋಕೆ ಬಾಯಲ್ಲಿ ಏನಿಟ್ಕೊಂಡಿದ್ದೀರಿ?”

ಅವನು ಊಟ ಮಾಡಲಿಲ್ಲ. ಮೈಮೇಲಿನ ಧೂಳನ್ನೂ ಕೊಡವದೆ ನೆಟ್ಟಗೆ ಕನ್ನಡಕದ ಅಂಗಡಿಗೆ ನಡೆದ. ರಜೆಯ ದಿನವಾದರೂ ಷಡ್ಡಕ ಒಳಗೆ ಕೂತು ಗಾಜು ಉಜ್ಜುತ್ತಿದ್ದ. ತಲೆಯೆತ್ತಿ, “ಏನು ಬಂದಿದ್ದು?” ಎಂದ. ನೀನು ಎನ್ನಲೂ ಬಾಯಿ ಬಾರದೆ, ನೀವು ಎನ್ನಲೂ ಮನಸ್ಸು ಬಾರದೆ, ಎರಡನ್ನೂ ನುಂಗಿಕೊಂಡ ಮಾತು ಅದು.

“ಹೊಸ ಬ್ರಾಕೆಟ್ಟು ತಂದಿದ್ದೀನಿ. ಒಬ್ಬನಿಂದ ಆಗ್ತಿಲ್ಲ.” ಕತ್ತರಿಯಣ್ಣ ಗೋಡೆಯ ತುಂಬ ಸಾಲಾಗಿ ನೇತುಹಾಕಿದ್ದ ಫ್ರೇಮುಗಳನ್ನು ನೋಡುತ್ತಲೇ ಹೇಳಿದ: “ನನ್ನ ಬಲಭುಜ ಮೇಲೇಳಲ್ಲ. ಆವತ್ತೂ ಏಳ್ಲಿಲ್ಲ. ಅದಕ್ಕೇ ಮೋಟಾರು ಬಿದ್ದಿದ್ದು.”

ಷಡ್ಡಕ ಗಾಜನ್ನು ಮೇಜಿನ ಮೇಲಿಟ್ಟ. “ಯಾವಾಗಿಂದ?”

“ಬಹಳ ದಿನದಿಂದ.”

“ಅದನ್ನ ಆವತ್ತೇ ಹೇಳೋಕೆ ಏನಾಗಿತ್ತು?” ದನಿಯಲ್ಲಿ ಸಿಟ್ಟೇ ಇತ್ತು. ಆದರೆ ಎದ್ದು ಡ್ರಿಲ್ಲಿನ ಪೆಟ್ಟಿಗೆ ಕೈಗೆತ್ತಿಕೊಂಡು, ಬಾಗಿಲಿಗೆ ಬೀಗ ಹಾಕಿದ.

ಸಣಕಲು ಮೈಯ ಕತ್ತರಿಯಣ್ಣ ಒಳಗೆ ತೆವಳಿದ, ದಪ್ಪ ಷಡ್ಡಕ ಹೊರಗೆ ಏಣಿಯ ಮೇಲೆ ನಿಂತ. ಅಷ್ಟು ಹೊತ್ತು ಸತಾಯಿಸಿದ್ದ ನಟ್ಟುಗಳು ಒಂದೊಂದಾಗಿ ಬಂದವು. ಹಳೆಯ ಬ್ರಾಕೆಟ್ಟು ಕಳಚಿದ್ದೇ ತೂತುಗಳಿಂದ ಕಪ್ಪು ನೀರು ಜಿನುಗಿತು. ಷಡ್ಡಕ ಕಂಬಿಯಿಂದ ಕೆದಕಿದ.

“ಎರಡು ಫೈಬರ್ ಪದರದ ಮಧ್ಯೆ ಮರ ಎಲ್ಲ ಪುಡಿ. ಇದರ ಮೇಲೇ ಕೂರಿಸಿದ್ರೆ ಮೋಟಾರು ಸಮೇತ ಕಿತ್ಕೊಂಡು ಹೋಗುತ್ತೆ.”

ಕೊಳೆತದ್ದನ್ನೆಲ್ಲ ಕೆರೆದು ತೆಗೆದು ಬಿಸಿಲಿಗೆ ಒಣಗಲು ಬಿಟ್ಟರು. ಆ ದಿನ ಮನೆಗೆ ಬಂದು ಕತ್ತರಿಯಣ್ಣ ಹೆಂಡತಿಗೂ ಭುಜದ ವಿಷಯ ಹೇಳಿದ. ಅವಳು ಒಲೆಯಿಂದ ಮುಖ ತಿರುಗಿಸಲಿಲ್ಲ. “ನಿದ್ದೇಲಿ ಆ ಮಗ್ಗುಲಿಗೆ ಹೊರಳಿದಾಗಲೆಲ್ಲ ನರಳ್ತೀರಿ. ಪಕ್ಕದಲ್ಲಿ ಮಲಗಿರೋಳು ಕಿವುಡಿ ಅಂದ್ಕೊಂಡ್ರಾ? ನೀವೇ ಹೇಳ್ಲಿ ಅಂತ ಕಾದೆ.” ಅವನಿಗೆ ನಾಚಿಕೆಯಾಯಿತು. ಎಲ್ಲರಿಂದ ಮುಚ್ಚಿಟ್ಟೆನೆಂದುಕೊಂಡದ್ದನ್ನು ತಾನು ನಿಜಕ್ಕೂ ಯಾರಿಂದ ಮುಚ್ಚಿಟ್ಟಂತಾಯಿತು ಎಂದು ಯೋಚಿಸುತ್ತ ಕೂತ.

ಮುಂದಿನ ರಜೆಯಲ್ಲಿ ಖಾಲಿಯಾದ ಜಾಗಕ್ಕೆ ಗಟ್ಟಿಯಾಗುವ ಅಂಟು ತುಂಬಿದರು. ಅದು ಕಲ್ಲಾದ ಮೇಲೆ ಷಡ್ಡಕ ರಟ್ಟಿನಲ್ಲಿ ಹೊಸ ಬ್ರಾಕೆಟ್ಟಿನ ಅಚ್ಚು ಕತ್ತರಿಸಿ, ದೋಣಿಯ ಹಿಂಬದಿಗೆ ಹಿಡಿದು, ಅಳೆದು, ಮತ್ತೆ ಅಳೆದು, ತೂತು ಕೊರೆದ. ಇನ್ನು ಬಿಗಿಯುವುದೊಂದೇ ಬಾಕಿ. ಕತ್ತರಿಯಣ್ಣ ಸ್ಪ್ಯಾನರ್ ಹಿಡಿದು ಮತ್ತೆ ಗೂಡಿನೊಳಗೆ ಮಲಗಿದ.

ಆಗ ದೋಣಿಯ ಹಿಂಬದಿಯ ಆಚೆಯಿಂದ ಷಡ್ಡಕನ ದನಿ ಬಂತು.

“ಆವತ್ತು ಹೆದರಿಕೆ ಆಗಿತ್ತು. ನಂಗೆ ಈಜು ಬರಲ್ಲ.”

ಇಷ್ಟು ವರ್ಷ ಒಂದೇ ದೋಣಿಯಲ್ಲಿ ಓಡಾಡಿದ ಮನುಷ್ಯ! ಕತ್ತರಿಯಣ್ಣನ ಕೈ ನಿಂತಿತು. ಗಡ್ಡಕ್ಕೆ ನೊರೆ ಹಚ್ಚಿದಾಗ ಕಣ್ಣು ಮುಚ್ಚಿಕೊಂಡು ಮನೆಯ ಗುಟ್ಟೆಲ್ಲ ಬಿಚ್ಚುವ ಗಿರಾಕಿಗಳನ್ನು ಅವನು ಬಹಳ ಕಂಡಿದ್ದ. ಎದುರಿಗೆ ಮುಖವಿಲ್ಲದಿದ್ದರೆ ಕೆಲವರಿಗೆ ಬಾಯಿ ಬರುತ್ತದೆ. ಕೇಳಿಸಿದ್ದರೂ ಕೇಳಿದ: “ಏನಂದೆ?”

“ಏನಿಲ್ಲ.” ಹೊರಗಿನಿಂದ ಮತ್ತೆ ದನಿ ಬಂತು: “ಬಿಗಿ ಮಾಡಿ ಭಾವ, ನಾನು ಹಿಡ್ಕೊಂಡಿದ್ದೀನಿ.”

ಕತ್ತರಿಯಣ್ಣ ಕೂಡಲೇ ತಿರುಗಿಸಲಿಲ್ಲ. ಕಣ್ಣಿಗೆ ಧೂಳು ಬಿದ್ದಿತ್ತು, ಒರೆಸಿಕೊಂಡ. ಆಮೇಲೆ ಬಿಗಿದ.

ದೋಣಿ ನೀರಿಗಿಳಿದಾಗ ಹೊಸ ಬ್ರಾಕೆಟ್ಟು ಎಡಗೈಯ ಒಂದೇ ಎಳೆತಕ್ಕೆ ಮೋಟಾರನ್ನು ಮೇಲೆತ್ತಿತು. ಆದರೆ ಕೂದಲೆಳೆ ಸಹಿಸದವನ ಲೆಕ್ಕದಲ್ಲೇ ಒಂದು ತಪ್ಪಾಗಿತ್ತು. ದಡದಲ್ಲಿ ಅಳೆಯುವಾಗ ಅವನು ತನ್ನ ಭಾರವನ್ನೇ ಮರೆತಿದ್ದ. ಅವನು ಹಿಂದೆ ಕೂತರೆ ದೋಣಿ ಹಿಂದಕ್ಕೆ ಕುಗ್ಗಿ, ಎತ್ತಿಟ್ಟ ಮೋಟಾರಿನ ಬುಡಕ್ಕೆ ಅಲೆ ತಾಗುತ್ತಿತ್ತು. ಕತ್ತರಿಯಣ್ಣ ಈ ಸುದ್ದಿಯನ್ನು ತಿಂಗಳುಗಟ್ಟಲೆ ಅಂಗಡಿಯಲ್ಲಿ ಓಡಿಸಿದ. ಜೊತೆಗೆ ತನ್ನ ಭುಜದ ಸುದ್ದಿಯನ್ನೂ ಹೇಳಿದ. “ತಲೆ ಬಗ್ಗಿಸಿ, ನನ್ನ ಕೈ ಮೇಲೆ ಬರಲ್ಲ” ಎಂದರೆ ಗಿರಾಕಿಗಳು ಬಗ್ಗಿಸಿದರು. ಒಂದಿಬ್ಬರು ಬರುವುದನ್ನು ಬಿಟ್ಟರು, ಬಿಡಲಿ ಎಂದ. ಮಧ್ಯಾಹ್ನದ ಮೇಲೆ ಅಂಗಡಿ ಮುಚ್ಚಲು ಶುರುಮಾಡಿದ.

ಈಗ ಷಡ್ಡಕ ತೇಲುವ ಜಾಕೆಟ್ಟು ತೊಟ್ಟು ದೋಣಿಯ ಮುಂದೆ ಕೂರುತ್ತಾನೆ, ಕತ್ತರಿಯಣ್ಣ ಹಿಂದೆ. ನಡುವೆ ಹಾಯಿಯ ಪಟಪಟ ಸದ್ದು. ಒಂದು ಮಾತು ಹೇಳಬೇಕಾದರೂ ಇಬ್ಬರೂ ಗಂಟಲು ಹರಿದುಕೊಳ್ಳಬೇಕು. ದಡದಲ್ಲಿ ನಿಂತವರು, ಮತ್ತೆ ಜಗಳ ಶುರುವಾಯಿತು ಎಂದುಕೊಳ್ಳುತ್ತಾರೆ.