ನನ್ನ ಕೈಗೆ ಬಗ್ಗದ ಬ್ರಷ್ ಮಷೀನು

ಆ ಮಷೀನು ನನ್ನನ್ನು ಮೊದಲ ಸಲ ಗೋಡೆಗೆ ಬಡಿದದ್ದು ಹುಣಸೂರಿನ ಒಂದು ಕಲ್ಯಾಣ ಮಂಟಪದಲ್ಲಿ, ಬೆಳಿಗ್ಗೆ ಹತ್ತು ಗಂಟೆಗೆ, ಅಡುಗೆಯವರು, ಹೂವಿನವರು, ಶಾಮಿಯಾನದವರು ಎಲ್ಲರೂ ನೋಡುತ್ತಿದ್ದಾಗ. ಸ್ವಿಚ್ ಹಾಕಿದೆ, ಅಷ್ಟೆ. ಅಡಿಯಲ್ಲಿದ್ದ ದುಂಡನೆಯ ಬ್ರಷ್ ಗಿರ್ರೆಂದು ತಿರುಗಿ, ಇಡೀ ಯಂತ್ರ ನನ್ನನ್ನೂ ಎಳೆದುಕೊಂಡು ಬಲಕ್ಕೆ ಹಾರಿತು. ನಾನು ಬಿಡುವ ಆಸಾಮಿಯೇ? ಹಿಡಿಯನ್ನು ಎರಡೂ ಕೈಯಲ್ಲಿ ಅದುಮಿದೆ. ಅದು ಎಡಕ್ಕೆ ನುಗ್ಗಿತು. ಹಿಡಿಯ ಕಬ್ಬಿಣ ಪಕ್ಕೆಗೆ ಗುದ್ದಿ, ಬೆನ್ನು ಗೋಡೆಗೆ ತಾಗಿ, ಸೋಪಿನ ನೊರೆಯಲ್ಲಿ ಕುಕ್ಕರಿಸಿದೆ. ಅಡುಗೆಯವರು ಬಾಯಿಗೆ ಟವೆಲ್ ಅಡ್ಡ ಇಟ್ಟುಕೊಂಡು ನಕ್ಕರು. ನನಗೆ ಕೋಪ ನೆತ್ತಿಗೇರಿತು. ಎದ್ದವನೇ ಮಷೀನಿಗೆ ಝಾಡಿಸಿ ಒದ್ದೆ. ಹೆಬ್ಬೆರಳ ಉಗುರು ಕಿತ್ತುಬಂತು.

ಆಗ ನನಗೆ ಮೂವತ್ತೈದರ ಆಸುಪಾಸು. ಚಿಕ್ಕಂದಿನಿಂದ ಗರಡಿಯ ಮಣ್ಣಿನಲ್ಲಿ ಹೊರಳಿದ ಮೈ. ಕಸುಬೂ ಅದಕ್ಕೆ ತಕ್ಕಂಥದ್ದೇ ಸಿಕ್ಕಿತ್ತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ಕಡೆಯ ಶಾಮಿಯಾನದ ಅಂಗಡಿಗಳ ಜಮಖಾನ, ಕಾರ್ಪೆಟ್ಟುಗಳು ಮದುವೆ ಕಾಲ ಮುಗಿದ ಮೇಲೆ ನನ್ನ ಹತ್ತಿರ ಬರುತ್ತಿದ್ದವು. ಲಕ್ಷ್ಮಣತೀರ್ಥದ ದಡದಲ್ಲಿ ಕಂಬ ನೆಟ್ಟು, ಅಡ್ಡಕ್ಕೆ ಗಳ ಕಟ್ಟಿ, ಕಾರ್ಪೆಟ್ ನೇತುಹಾಕಿ ಬಿದಿರಿನ ದೊಣ್ಣೆಯಲ್ಲಿ ಬಡಿಯುತ್ತಿದ್ದೆ. ಅಕ್ಷತೆ ಕಾಳು, ಅನ್ನದ ಅಗುಳು, ಊರೂರಿನ ಕಾಲಿನ ಮಣ್ಣು, ಎಲ್ಲ ಉದುರಬೇಕು. ಆಮೇಲೆ ಹೊಳೆಗೆ ಅದ್ದಿ ಸೋಪು ಹಾಕಿ ತುಳಿಯುವುದು. ನನ್ನ ಏಟಿಗೆ ಧೂಳಷ್ಟೇ ಅಲ್ಲ, ಬಣ್ಣವೂ ಬಿಡುತ್ತದೆ ಎಂದು ಅಂಗಡಿಯವರು ರೇಗಿಸುತ್ತಿದ್ದರು. ಅದು ನನಗೆ ಹೊಗಳಿಕೆಯಂತೆ ಕೇಳುತ್ತಿತ್ತು.

ಅದೇ ಕೈಯನ್ನು ಮನೆಗೂ ತರುತ್ತಿದ್ದೆ. ಸುತ್ತಿ ಬಳಸಿ ಹೇಳುವುದಕ್ಕೆ ನನಗೆ ಬರುವುದಿಲ್ಲ. ಹೆಂಡತಿಗೆ ಹೊಡೆಯುತ್ತಿದ್ದೆ. ಸಾರಿಗೆ ಉಪ್ಪು ಜಾಸ್ತಿಯಾದರೆ ಒಂದು, ಎದುರು ಮಾತಾಡಿದರೆ ಎರಡು, ಸುಮ್ಮನೆ ಕೂತರೆ ಕೊಬ್ಬು ಎಂದು ಇನ್ನೊಂದು. ಮಕ್ಕಳಾಗಲಿಲ್ಲ ಎಂಬುದು ಬೇಕೆಂದಾಗ ಸಿಗುವ ನೆಪ. ಕಣ್ಣ ಕೆಳಗೆ ಯಾಕೆ ಊದಿದೆ ಎಂದು ಯಾರಾದರೂ ಕೇಳಿದರೆ ಬಚ್ಚಲಲ್ಲಿ ಜಾರಿ ಬಿದ್ದೆ ಎನ್ನುತ್ತಿದ್ದಳು. ಮದುವೆಯಾದ ಹನ್ನೊಂದು ವರ್ಷದಲ್ಲಿ ಅವಳು ಬಚ್ಚಲಲ್ಲಿ ಬಿದ್ದಷ್ಟು ಸಲ ನಾನು ಗರಡಿಯಲ್ಲೂ ಬಿದ್ದಿರಲಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಮಂಟಪಗಳಿಗೂ ಲಾಡ್ಜುಗಳಿಗೂ ಹೊಸ ನಮೂನೆಯ ಕಾರ್ಪೆಟ್ ಬಂತು. ಅಡಿಗೆ ರಬ್ಬರ್ ಅಂಟಿಸಿ ನೆಲಕ್ಕೇ ಹಾಸಿಬಿಟ್ಟದ್ದು. ಅದನ್ನು ಗಳಕ್ಕೆ ನೇತುಹಾಕುವಂತಿಲ್ಲ, ಹೊಳೆಗೆ ಒಯ್ಯುವಂತಿಲ್ಲ. ದೊಣ್ಣೆಗೆ ಕೆಲಸವಿಲ್ಲದೆ ಹೋಯಿತು. ಮೈಸೂರಿನ ಒಂದು ಲಾಡ್ಜಿನವರು ಹಳೆಯ ಬ್ರಷ್ ಮಷೀನನ್ನೂ ನೀರು ಹೀರುವ ಇನ್ನೊಂದು ಮಷೀನನ್ನೂ ಮಾರುತ್ತಿದ್ದರು, ಎರಡನ್ನೂ ಕೊಂಡು ತಂದೆ. ಮೊದಲು ಧೂಳು ಹೀರಬೇಕು. ಸೋಪಿನ ನೀರು ಚಿಮುಕಿಸಿ ಹತ್ತು ನಿಮಿಷ ನೆನೆಯಲು ಬಿಡಬೇಕು. ಆಮೇಲೆ ಬ್ರಷ್ ಓಡಿಸಿದರೆ ನೊರೆ ನೂಲಿನ ಬುಡಕ್ಕೆ ಇಳಿದು ಕೊಳೆ ಸಡಿಲವಾಗುತ್ತದೆ. ಕೊನೆಗೆ ಕೊಳೆನೀರನ್ನು ಹೀರಿ ತೆಗೆಯುವುದು. ಮಾರಿದವನು ಇಷ್ಟು ಹೇಳಿಕೊಟ್ಟು, ಬಲ ಮಾತ್ರ ಹಾಕಬೇಡಿ ಎಂದಿದ್ದ. ಬಲ ಹಾಕದೆ ಇನ್ನೇನು ಪೂಜೆ ಮಾಡಬೇಕೇ ಎಂದುಕೊಂಡು ಬಂದಿದ್ದೆ.

ಮಂಟಪದಲ್ಲಿ ನಾನು ಕಾಲು ಹಿಡಿದುಕೊಂಡು ಕೂತಿದ್ದಾಗ, ಸೋಪಿನ ನೀರು ಹಾಕಲು ಜೊತೆಗೆ ಬಂದಿದ್ದ ನನ್ನ ಹೆಂಡತಿ ಮೆಲ್ಲಗೆ ಹಿಡಿಗೆ ಕೈ ಹಾಕಿದಳು. ನನ್ನ ಭುಜದೆತ್ತರಕ್ಕೂ ಬಾರದ ಹೆಂಗಸು. ಹಿಡಿಯನ್ನು ಒಂದು ಬೆರಳಷ್ಟು ತಗ್ಗಿಸಿದಳು, ಮಷೀನು ಎಡಕ್ಕೆ ಹೋಯಿತು. ಒಂದು ಬೆರಳಷ್ಟು ಎತ್ತಿದಳು, ಬಲಕ್ಕೆ ಬಂತು. ಮೊಣಕೈ ಸೊಂಟಕ್ಕೆ ಒತ್ತಿಕೊಂಡು, ಹಿಂದಕ್ಕೆ ಒಂದೊಂದೇ ಹೆಜ್ಜೆ ಇಡುತ್ತಾ ಆ ಹಜಾರವನ್ನೆಲ್ಲ ಮುಗಿಸಿದಳು. ಪೈಲ್ವಾನರು ಹೆಂಗಸರ ಹತ್ತಿರ ಪಟ್ಟು ಕಲಿಯಲಿ ಎಂದು ಅಡುಗೆಯವನೊಬ್ಬ ಎಲ್ಲರಿಗೂ ಕೇಳುವಂತೆ ಹೇಳಿದ. ನನ್ನ ಮರ್ಯಾದೆ ಮೂರು ಕಾಸಿಗೆ ಹರಾಜಾಗಿತ್ತು. ಸಂಜೆ ಮನೆಗೆ ಬಂದು ಬಾಗಿಲು ಹಾಕಿಕೊಂಡು ಅವಳಿಗೆ ಬಾರಿಸಿದೆ.

ಎರಡು ವರ್ಷ ಹಾಗೇ ನಡೆಯಿತು. ನೀರು ಹೊರುವುದು, ಮಷೀನನ್ನು ಟೆಂಪೋಗೆ ಏರಿಸುವುದು ಇಳಿಸುವುದು ನಾನು, ಓಡಿಸುವುದು ಅವಳು. ಯಾವ ಕಾರ್ಪೆಟ್ಟಿಗೆ ಗಡುಸು ಬ್ರಷ್, ಯಾವುದಕ್ಕೆ ಮೆದು ಬ್ರಷ್ ಎಂದು ಬೆರಳಲ್ಲಿ ನೂಲು ತಿಕ್ಕಿ ನೋಡಿ ಹೇಳುತ್ತಿದ್ದಳು. ಕರೆಯುವವರೆಲ್ಲ ಅಮ್ಮನವರು ಬರುತ್ತಾರೆ ತಾನೇ ಎಂದು ಕೇಳತೊಡಗಿದರು. ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು. ಹೊಟ್ಟೆಕಿಚ್ಚು ಎಂದರೂ ಸರಿಯೇ, ಅದೇ ಅದು. ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಡುವ ಗಂಡಸಿಗಿಂತ ದರಿದ್ರದವನು ಇನ್ನೊಬ್ಬನಿಲ್ಲ, ಆ ದರಿದ್ರ ನನಗೇ ಹತ್ತಿತ್ತು.

ಕೋಟೆಯ ಆಚೆ, ಹಿನ್ನೀರಿನ ಪಕ್ಕದ ಕಾಡಂಚಿನಲ್ಲಿ ಒಂದು ರೆಸಾರ್ಟ್ ಇತ್ತು. ಅಲ್ಲಿಗೆ ಮೂರು ನಾಲ್ಕು ಸಲ ಕೆಲಸಕ್ಕೆ ಹೋಗಿದ್ದೆವು. ಅಲ್ಲಿನ ಮ್ಯಾನೇಜರು ಕೊಡಗಿನ ಕಡೆಯವರು, ತಗ್ಗಿದ ದನಿಯ ಮನುಷ್ಯ. ಒಂದು ದಿನ ನನ್ನ ಹೆಂಡತಿಗೆ ಅಲ್ಲೇ ಕಾಯಂ ಕೆಲಸ ಕೊಡುವುದಾಗಿ ಹೇಳಿದರು. ಎಲ್ಲ ಕಾಟೇಜುಗಳ ಕಾರ್ಪೆಟ್ಟೂ ಅವಳ ಜವಾಬ್ದಾರಿ, ಕೆಲಸದವರ ಸಾಲುಮನೆಯಲ್ಲಿ ಒಂದು ಕೋಣೆ. ನನಗೆ ಗೇಟಿನಲ್ಲಿ ಏನಾದರೂ ನೋಡೋಣ ಎಂದರು. ಮಷೀನನ್ನು ಟೆಂಪೋದಲ್ಲಿ ಕಳಿಸಿ ಬಸ್ಸಿನಲ್ಲಿ ಬರುವಾಗ ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಹುಣಸೂರು ಹತ್ತಿರ ಬಂದಾಗ ಬಾಯಿ ಬಿಟ್ಟಳು.

"ನಾನು ಆ ಕೆಲ್ಸಕ್ಕೆ ಸೇರ್ಕತೀನಿ ಕಣ್ರೀ. ಒಂದೇ ಒಂದ್ಸಲ ಹ್ಞೂಂ ಅನ್ನಿ."

ಮದುವೆಯಾದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಸೀರೆ ಕೇಳಿರಲಿಲ್ಲ, ಓಲೆ ಕೇಳಿರಲಿಲ್ಲ. ನಾನು ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲೂ ಇಲ್ಲ. ಮುಂದಿನ ವಾರ ಅದೇ ರೆಸಾರ್ಟಿನ ದೊಡ್ಡ ಹಜಾರದ ಉಣ್ಣೆ ಕಾರ್ಪೆಟ್ ತೊಳೆಯುವುದಿತ್ತು. ಅದನ್ನು ನಾನೇ ತೊಳೆದು ತೋರಿಸುತ್ತೇನೆ, ಇವಳಿಗಿಂತ ನಾನೇನು ಕಡಿಮೆ ಎಂದು ಅವರಿಗೂ ತಿಳಿಯಲಿ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿದೆ.

ಆ ವಾರವೆಲ್ಲ ಹಿತ್ತಿಲಿನಲ್ಲಿ ಹಳೆಯ ಜಮಖಾನ ಹಾಸಿಕೊಂಡು ಅಭ್ಯಾಸ ಮಾಡಿದೆ. ಹಿಡಿಯ ಕೆಳಗೆ ಸ್ವಿಚ್ಚಿನ ಸನ್ನೆಯೊಂದಿತ್ತು, ಅದನ್ನು ಒತ್ತಿ ಹಿಡಿದಿರುವವರೆಗೆ ಮಾತ್ರ ಬ್ರಷ್ ತಿರುಗುತ್ತದೆ, ಕೈ ಬಿಟ್ಟರೆ ನಿಲ್ಲುತ್ತದೆ. ನನಗೋ ಎಳೆದಾಡುವುದಕ್ಕೆ ಎರಡೂ ಕೈ ಬೇಕು. ಸನ್ನೆಯನ್ನು ಒತ್ತಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಹಿಡಿಗೇ ಬಿಗಿದು ಕಟ್ಟಿಬಿಟ್ಟೆ. ಅವಳು ಕಂಡವಳೇ ಹೇಳಿದಳು: "ಅದ ಬಿಚ್ಚಿ ಕಣ್ರೀ. ಕೈ ಬುಟ್ರೆ ನಿಂತ್ಕಳ್ಳಿ ಅಂತಾನೇ ಮಾಡವ್ರೆ." ನನಗೆ ಪಾಠ ಹೇಳಲು ಬರಬೇಡ ಎಂದು ಕೈ ಎತ್ತಿದೆ. ಒಳಗೆ ಹೋದಳು.

ರೆಸಾರ್ಟಿನ ಹಜಾರದಲ್ಲಿ ಆ ದಿನ ಮ್ಯಾನೇಜರು, ಕಸ ಗುಡಿಸುವ ಒಬ್ಬ ಹೆಂಗಸು, ಊಟ ಬಡಿಸುವ ಮೂರು ನಾಲ್ಕು ಜನ ಇದ್ದರು. ಉಣ್ಣೆಗೆ ಮೆದು ಬ್ರಷ್ ಹಾಕಬೇಕು ಎಂದು ಹೆಂಡತಿ ಬ್ರಷ್ ತೆಗೆದು ಮುಂದೆ ಹಿಡಿದಳು. ಅವಳು ಹೇಳಿದ ಒಂದೇ ಕಾರಣಕ್ಕೆ ನಾನು ಗಡುಸು ಬ್ರಷ್ಷನ್ನೇ ಉಳಿಸಿಕೊಂಡೆ. ಐದು ನಿಮಿಷವೂ ಆಗಲಿಲ್ಲ. ಮಷೀನು ನನ್ನನ್ನು ಎತ್ತೆತ್ತಲೋ ಎಳೆದಾಡಿ, ಕಾರ್ಪೆಟ್ಟಿನ ಅಂಚಿನ ಕುಚ್ಚು ಬ್ರಷ್ಷಿಗೆ ಸುತ್ತಿಕೊಂಡು ಚರ್ರೆಂದು ಹರಿಯಿತು. ಉಣ್ಣೆ ಉಂಡೆಯುಂಡೆಯಾಗಿ ಕಿತ್ತುಬಂತು. ಹಿಡಿ ದವಡೆಗೆ ಬಡಿದು ಬಾಯೆಲ್ಲ ರಕ್ತ. ಮ್ಯಾನೇಜರು ಓಡಿಬಂದು ಪ್ಲಗ್ ಕಿತ್ತರು. ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ನೀವು ಕೂತುಕೊಳ್ಳಿ, ಅವರು ಮಾಡುತ್ತಾರೆ ಎಂದರು.

ಕೂತೆ. ಅವಳು ಬ್ರಷ್ ಬದಲಾಯಿಸಿದಳು. ಟ್ಯೂಬಿನ ಪಟ್ಟಿ ಬಿಚ್ಚಲು ನೋಡಿದಳು, ನನ್ನ ಗಂಟು ಅವಳ ಬೆರಳಿಗೆ ಬರಲಿಲ್ಲ. ನನ್ನ ಕಡೆ ನೋಡಿದಳು, ನಾನು ಮುಖ ತಿರುಗಿಸಿದೆ. ಸೋಪಿನ ಘಾಟಿಗೆ ಸೆರಗನ್ನು ಮೂಗಿಗೂ ಕತ್ತಿಗೂ ಸುತ್ತಿಕೊಂಡು, ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ, ಪ್ಲಗ್ ಹಾಕಿಸಿ, ಓಡಿಸಲು ಶುರು ಮಾಡಿದಳು. ಕಾರ್ಪೆಟ್ಟಿನ ಕೆಂಪು ಬಣ್ಣ ಅವಳ ಹಿಂದೆ ಹಿಂದೆಯೇ ಎದ್ದು ಬರುತ್ತಿತ್ತು. ಎಲ್ಲರೂ ಅದನ್ನೇ ನೋಡುತ್ತಾ ನಿಂತಿದ್ದರು. ಕಸ ಗುಡಿಸುವ ಹೆಂಗಸು ಏನೋ ಹೇಳಿದ್ದಕ್ಕೆ ನನ್ನ ಹೆಂಡತಿ ನಕ್ಕಳು. ಬಾಯಿ ಸೆರಗಿನೊಳಗಿತ್ತು, ನಕ್ಕದ್ದು ಕಣ್ಣಲ್ಲಿ ಕಾಣಿಸಿತು. ಅವಳು ನಕ್ಕದ್ದು ನನ್ನನ್ನೇ ನೋಡಿ ಎಂದುಕೊಂಡೆ. ಎದ್ದು ಹಿಂದಿನಿಂದ ಹೋಗಿ ಕಪಾಳಕ್ಕೆ ಬಿಗಿದೆ.

ಅವಳು ಮಂಡಿಯೂರಿ ಬಿದ್ದಳು. ಹಿಡಿ ಕೈತಪ್ಪಿತು. ಮಷೀನು ನಿಲ್ಲಲಿಲ್ಲ. ಸೊಂಟದಿಂದ ಕಳಚಿದ ಸೆರಗಿನ ತುದಿ ಬ್ರಷ್ಷಿನ ಅಡಿಗೆ ಹೋಯಿತು. ಒಂದು ಉಸಿರು ಎಳೆಯುವಷ್ಟರಲ್ಲಿ ಬಟ್ಟೆಯೆಲ್ಲ ಸುತ್ತಿಕೊಂಡು ಅವಳ ಕತ್ತನ್ನು ನೆಲಕ್ಕೆ ಎಳೆಯಿತು. ಕೆನ್ನೆ ಮಷೀನಿನ ತಗಡಿಗೆ ಬಡಿದುಕೊಳ್ಳುತ್ತಿತ್ತು. ಬೆರಳುಗಳು ಕತ್ತಿನ ಬಟ್ಟೆಯೊಳಗೆ ತೂರಲು ನೋಡುತ್ತಿದ್ದವು, ಜಾಗವಿರಲಿಲ್ಲ. ನಾನು ಏನು ಮಾಡಿದೆ ಗೊತ್ತೇ? ಮಷೀನನ್ನು ತಬ್ಬಿ ಹಿಡಿದು ಎತ್ತಿದೆ. ಗರಡಿಯಲ್ಲಿ ಆಳನ್ನು ಎತ್ತುವ ಹಾಗೆ, ಇದ್ದಬದ್ದ ಬಲವನ್ನೆಲ್ಲ ಹಾಕಿ. ನೆಲದ ಹಿಡಿತ ತಪ್ಪಿದ ಬ್ರಷ್ ಇನ್ನೂ ಜೋರಾಗಿ ತಿರುಗಿತು. ನಾನು ಎತ್ತಿದಷ್ಟೂ ಅವಳ ಕತ್ತು ಬಿಗಿಯಿತು. ಮುಖ ಕಪ್ಪಿಟ್ಟಿತು, ನಾಲಿಗೆ ಹೊರಬಂತು. ನಾನು ಅರಚುತ್ತಿದ್ದೆ. ಕಸ ಗುಡಿಸುವ ಹೆಂಗಸು ಪೊರಕೆ ಬಿಸಾಕಿ, ನಾಲ್ಕು ಹೆಜ್ಜೆ ಓಡಿ ಗೋಡೆಯ ಪ್ಲಗ್ ಕಿತ್ತಳು. ಆ ನಾಲ್ಕು ಹೆಜ್ಜೆ ನನಗೆ ಹೊಳೆಯಲೇ ಇಲ್ಲ.

ಮ್ಯಾನೇಜರು ಅಡುಗೆಮನೆಯ ಚಾಕು ತಂದು ಸೆರಗು ಕತ್ತರಿಸಿದರು. ಅವಳು ಒಂದು ಸಲ ಗೊರಗೊರ ಎಂದು ಉಸಿರೆಳೆದಳು. ಅಂಥ ಸದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಅವಳ ತಲೆ ಆ ಹೆಂಗಸಿನ ತೊಡೆಯ ಮೇಲಿತ್ತು. ನಾನು ಮುಂದೆ ಡ್ರೈವರ್ ಪಕ್ಕ ಕೂತು, ಇವಳು ಸತ್ತರೆ ಏನು ಗತಿ ಎಂದು ಲೆಕ್ಕ ಹಾಕುತ್ತಿದ್ದೆ. ನಾಚಿಕೆಗೆಟ್ಟವನು ನಾನು, ಆಗಲೂ ಹೆದರಿದ್ದು ನನಗೇನಾಗುತ್ತದೋ ಎಂದು.

ಡಾಕ್ಟರು ಕತ್ತು ನೋಡಿ, ಏನಾಯಿತು ಎಂದು ಕೇಳಿದರು. ಮಷೀನಿಗೆ ಸೆರಗು ಸಿಕ್ಕಿಕೊಂಡಿತು ಸಾರ್ ಎಂದು ನಾನೇ ಮುಂದಾಗಿ ಹೇಳಿದೆ. ಅದು ಸುಳ್ಳೂ ಅಲ್ಲವಲ್ಲ. ಅವಳಿಗೆ ಮಾತು ಹೊರಡುತ್ತಿರಲಿಲ್ಲ. ಡಾಕ್ಟರು ಬರೆಯಲು ಪೆನ್ನು ತೆಗೆದಾಗ ಅವರ ತೋಳು ಹಿಡಿದು ನಿಲ್ಲಿಸಿದಳು. ಒಂದೊಂದೇ ಮಾತನ್ನು ಗಂಟಲಿನಿಂದ ಕಿತ್ತು ಕಿತ್ತು ಹೇಳಿದಳು.

"ಮಿಷನ್ನು ಏನೂ ಮಾಡ್ನಿಲ್ಲ ಸಾ. ಇವ್ರು ಒಡುದ್ರು. ಯಾವಾಗ್ಲೂ ಒಡೀತಾರೆ."

ಡಾಕ್ಟರು ಹಾಗೆಯೇ ಬರೆದುಕೊಂಡು ಪೊಲೀಸರಿಗೆ ತಿಳಿಸಿದರು. ಸ್ಟೇಷನ್ನಿನಲ್ಲಿ, ಇನ್ನು ಹೊಡೆಯುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಟ್ಟು ಹೆಬ್ಬೆಟ್ಟು ಒತ್ತಿ ಬಂದೆ. ಮನೆಯಲ್ಲಿ ಸಾಮಾನನ್ನೆಲ್ಲ ಒದ್ದೆ, ಗೋಡೆಗೆ ಗುದ್ದಿದೆ. ಅವಳ ಮೇಲೆ ಸಿಟ್ಟು ಮಾಡಿಕೊಂಡೇ ನಾಲ್ಕು ದಿನ ಕಳೆದೆ. ಐದನೆಯ ದಿನ ಅನ್ನ ಮಾಡಿಕೊಳ್ಳಲು ಹೋಗಿ ಅಕ್ಕಿ ಎಲ್ಲಿಟ್ಟಿದ್ದಾಳೆಂದು ಗೊತ್ತಾಗದೆ ಒಲೆಯ ಮುಂದೆ ಕೂತು ಅತ್ತೆ. ಅವಳು ತವರಿಗೂ ಹೋಗಲಿಲ್ಲ. ಆಸ್ಪತ್ರೆಯಿಂದ ನೇರವಾಗಿ ರೆಸಾರ್ಟಿಗೆ ಹೋಗಿ, ಆ ಸಾಲುಮನೆಯ ಕೋಣೆಗೆ ಸೇರಿಕೊಂಡು ಕೆಲಸ ಹಿಡಿದಿದ್ದಳು. ನನ್ನ ಹ್ಞೂಂಗೆ ಕಾಯಲಿಲ್ಲ.

ಎರಡು ತಿಂಗಳಾದ ಮೇಲೆ ಹೋದೆ. ಗೇಟಿನವನು ಒಳಗೆ ಬಿಡಲಿಲ್ಲ, ಕರೆಯುತ್ತೇನೆ ಎಂದ. ಬಿಸಿಲಿನಲ್ಲಿ ನಿಂತಿದ್ದೆ. ಅವಳು ಬಂದಳು. ಸೀರೆಯ ಮೇಲೆ ರೆಸಾರ್ಟಿನ ನೀಲಿ ಕೋಟು ತೊಟ್ಟಿದ್ದಳು. ಕತ್ತಿನ ಸುತ್ತ ಸುಟ್ಟ ಹಾಗೆ ಒಂದು ಗೆರೆ. ದನಿ ಮೊದಲಿನಂತಾಗಿರಲಿಲ್ಲ, ಕಡೆಗೂ ಆಗಲಿಲ್ಲ. ಇನ್ನು ಮೇಲೆ ಕೈ ಎತ್ತುವುದಿಲ್ಲ, ದೇವರಾಣೆ, ಮನೆಗೆ ಬಾ ಎಂದು ಬಸ್ಸಿನಲ್ಲಿ ಕಟ್ಟಿಕೊಂಡು ಬಂದದ್ದನ್ನೆಲ್ಲ ಹೇಳಿದೆ. ಅವಳು ಗೇಟಿನ ಸರಳು ಹಿಡಿದುಕೊಂಡು ಪೂರ್ತಿ ಕೇಳಿಸಿಕೊಂಡಳು. ನಾನು ಕೈ ಮುಗಿಯಲೆಂದು ತೋಳೆತ್ತಿದೆ. ಅವಳು ಥಟ್ಟನೆ ಎರಡು ಹೆಜ್ಜೆ ಹಿಂದಕ್ಕೆ ಸರಿದು ಮುಖಕ್ಕೆ ಕೈ ಅಡ್ಡ ಹಿಡಿದಳು. ನಡುವೆ ಕಬ್ಬಿಣದ ಗೇಟಿತ್ತು.

"ನೋಡುದ್ರಾ," ಎಂದಳು. "ನಂಗೆ ನಿಮ್ ಕಂಡ್ರೆ ಎದ್ರಿಕೆ ಕಣ್ರೀ. ಮದ್ವೆ ಆದ ದಿನದಿಂದ್ಲೂವೆ. ನಾನು ಬರಾಕಿಲ್ಲ."

ನಾನು ಮನೆಯೊಳಗೆ ಬಂದರೆ ಅವಳು ಎದ್ದು ನಿಲ್ಲುತ್ತಿದ್ದಳು. ನಾನು ಉಣ್ಣುವವರೆಗೆ ಉಸಿರೆತ್ತುತ್ತಿರಲಿಲ್ಲ. ನಾಲ್ಕು ಜನರ ಮುಂದೆ ಅದನ್ನೇ ಹೇಳಿಕೊಂಡು ಮೀಸೆ ತಿರುವುತ್ತಿದ್ದೆ. ಹನ್ನೊಂದು ವರ್ಷವೂ ಅದನ್ನು ಮರ್ಯಾದೆ ಎಂದುಕೊಂಡಿದ್ದೆ.